ಸಂಚಕಾರವೋ, ಮುಂಗಡವೋ, ಠೇವಣಿಯೋ? ವಿದೇಶದಲ್ಲಿ ಅಪಾರ್ಟ್‌ಮೆಂಟ್ ಬುಕ್ ಮಾಡುವ ಮುನ್ನ

ವಿಡಿಯೋ ನೋಡೋಕೆ ಪುರಸೊತ್ತಿಲ್ಲದವರಿಗಾಗಿ ಎಂದಿನಂತೆ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದು ಹಾಕ್ತಿದ್ದೇನೆ. ಈ ಸಲದ ವಿಷಯ, ನಾನು ಕಳ್ಕೊಂಡ 294 ಯೂರೋ.

2024ರ ಮೇ ತಿಂಗಳಲ್ಲಿ ಅಪ್ಪ-ಅಮ್ಮನ್ನ ಇಟಲಿಗೆ ಕರ್ಕೊಂಡು ಹೋಗೋದು ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಹೋಟೆಲ್ ಬೇಡ, ಅಡುಗೆಮನೆ ಇರೋ ಜಾಗ ಬೇಕು ಅನ್ನೋದು ಅಮ್ಮನ ಒಂದೇ ಷರತ್ತು. ಫ್ಲಾರೆನ್ಸಿನಲ್ಲಿ ಏಳು ರಾತ್ರಿಗೆ 980 ಯೂರೋ ಬಾಡಿಗೆಯ ಒಂದು ಅಪಾರ್ಟ್‌ಮೆಂಟ್ ಸಿಕ್ಕಿತು. ಬುಕಿಂಗ್ ಸೈಟಿನ ಕಮಿಷನ್ ಉಳಿಯತ್ತಲ್ಲ ಅಂತ ಮಾಲೀಕರ ಹತ್ತಿರ ಮೇಲ್‌ನಲ್ಲೇ ನೇರವಾಗಿ ಮಾತಾಡಿದೆ. ಶೇಕಡಾ 30ರಷ್ಟು ಡಿಪಾಸಿಟ್ ಈಗ ಕೊಡಿ, ಉಳಿದದ್ದು ನೀವು ಬರೋದಕ್ಕೆ 30 ದಿನ ಮುಂಚೆ ಅಂದ್ರು. ಒಂದು ಪಿಡಿಎಫ್ ಬಂತು, ಸಹಿ ಹಾಕಿ ಕಳಿಸಿದೆ. ಹಣವನ್ನೂ ಬ್ಯಾಂಕಿನಿಂದ ಕಳಿಸಿದೆ. ಅವತ್ತಿನ ದರದಲ್ಲಿ ಹತ್ತಿರ ಹತ್ತಿರ 26,500 ರೂಪಾಯಿ, ಬ್ಯಾಂಕಿನ ಚಾರ್ಜು ಬೇರೆ.

ಆಮೇಲೆ ವೀಸಾ ಅಪಾಯಿಂಟ್‌ಮೆಂಟ್ ಹುಡುಕಿದೆ. ಏಪ್ರಿಲ್ ಮೊದಲ ವಾರದಲ್ಲಿ ಸಿಗಬಹುದು ಅಂದುಕೊಂಡಿದ್ದು ಸಿಕ್ಕಿದ್ದು ಏಪ್ರಿಲ್ 29ಕ್ಕೆ. ಹೊರಡಬೇಕಾದದ್ದು ಮೇ 18. ಬಾಕಿ 686 ಯೂರೋ ಕಟ್ಟಬೇಕಾದ ಕೊನೆಯ ದಿನ ಏಪ್ರಿಲ್ 18. ಅಂದ್ರೆ ವೀಸಾ ಅರ್ಜಿ ಕೊಡೋದಕ್ಕೂ ಮುಂಚೆ ಪೂರ್ತಿ ಬಾಡಿಗೆ ಅವರ ಖಾತೆಯಲ್ಲಿರಬೇಕು. ಹೆದರಿಕೆ ಆಯಿತು. 16ನೇ ತಾರೀಕು ಕ್ಯಾನ್ಸಲ್ ಮಾಡ್ತೀನಿ, ಡಿಪಾಸಿಟ್ ವಾಪಸ್ ಕೊಡಿ ಅಂತ ಬರೆದೆ. ಮರ್ಯಾದೆಯ ಉತ್ತರ ಬಂತು: ಬಾಕಿ ಕಟ್ಟಬೇಡಿ, ಆದರೆ ಡಿಪಾಸಿಟ್ ವಾಪಸ್ ಬರೋದಿಲ್ಲ. ನಾನು ಬಿಸಿ ಬಿಸಿಯಾಗಿ ಎರಡು ಮೇಲ್ ಬರೆದೆ. ಡಿಪಾಸಿಟ್ ಅಂದ್ರೇನೇ ವಾಪಸ್ ಕೊಡೋ ಹಣ, ಇದ್ಯಾವ ನ್ಯಾಯ ಅಂತೆಲ್ಲ. ಅವರು ಮೂರನೇ ಉತ್ತರದಲ್ಲಿ ಬೈಯ್ಯಲಿಲ್ಲ, ಪಿಡಿಎಫ್‌ನ ಎರಡನೇ ಪುಟ ನೋಡಿ ಅಂದ್ರು ಅಷ್ಟೇ. ಅಲ್ಲಿ ಇಟಾಲಿಯನ್‌ನಲ್ಲಿ 'ಕಪಾರ್ರಾ ಕನ್ಫರ್ಮಾತೋರಿಯಾ' ಅಂತ ಇತ್ತು. ಪಕ್ಕದ ಇಂಗ್ಲಿಷ್ ಅನುವಾದದಲ್ಲಿ ಬರೀ 'ಡಿಪಾಸಿಟ್'. ದಿನವಿಡೀ ಬೇರೆಯವರು ಓದದೆ 'ಒಪ್ಪಿಗೆ ಇದೆ' ಒತ್ತೋ ಪುಟಗಳನ್ನ ಕೋಡ್ ಮಾಡೋ ನಾನು, ನನ್ನ ಪುಟವನ್ನೂ ಓದಿರಲಿಲ್ಲ.

ಸಂಜೆ ಅಪ್ಪನಿಗೆ ವಿಷಯ ಹೇಳಿದೆ. ಅವರು ಧಾರವಾಡದ ಕಡೆಯವರು, ಚಿಕ್ಕಂದಿನಲ್ಲಿ ಎತ್ತಿನ ಜಾತ್ರೆಗಳನ್ನ ನೋಡಿದವರು. ಪೇಪರಿನಿಂದ ತಲೆ ಎತ್ತದೇ ಅಂದ್ರು: "ಅದು ಸಂಚಕಾರ ಅಲ್ಲೇನೋ? ನಾವು ಮಾತು ತಪ್ಪಿದ್ವಿ, ಅಂವಾ ಇಟಗೊಂಡ. ಇದರಾಗ ಜಗಳ ಎಲ್ಲಿಂದ ಬಂತು?"

ಒಂದು ಡಿಪಾಸಿಟ್, ಮೂರು ಹಣ

ಅಪ್ಪ ಹೇಳಿದ ಆ ಒಂದು ಶಬ್ದದಲ್ಲಿ ಇಟಲಿಯ ಸಿವಿಲ್ ಕೋಡ್ ಇತ್ತು. ನಮ್ಮ ಭಾಷೆಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಹೆಸರುಗಳಿವೆ, ನಾವೇ ಮರೆತು ಎಲ್ಲಕ್ಕೂ ಅಡ್ವಾನ್ಸ್, ಡಿಪಾಸಿಟ್ ಅನ್ನೋದು ರೂಢಿ ಮಾಡಿಕೊಂಡಿದ್ದೇವೆ. ಸಂಚಕಾರ ಅಂದ್ರೆ ವ್ಯವಹಾರ ಗಟ್ಟಿಯಾಯಿತು ಅನ್ನೋದಕ್ಕೆ ಕೊಡೋ ಹಣ. ಕೊಟ್ಟವನು ಹಿಂದೆ ಸರಿದ್ರೆ ಅದು ಹೋಯಿತು. ಪುಣೆ, ಮುಂಬಯಿಯಲ್ಲಿ ಫ್ಲ್ಯಾಟ್ ಕೊಂಡವರಿಗೆ 'ಇಸಾರ ಪಾವತಿ' ಗೊತ್ತಿರತ್ತೆ, ಅದೇ ಇದು. ಮುಂಗಡ ಅಂದ್ರೆ ಬೆಲೆಯ ಒಂದು ಭಾಗವನ್ನ ಮುಂಚೆಯೇ ಕೊಡೋದು. ಠೇವಣಿ ಅಂದ್ರೆ ಬೆಲೆಗೆ ಸಂಬಂಧವೇ ಇಲ್ಲದೆ, ಏನಾದ್ರೂ ಹಾಳಾದ್ರೆ ಇರಲಿ ಅಂತ ಇಟ್ಟು, ಕೊನೆಗೆ ವಾಪಸ್ ತಗೊಳ್ಳೋ ಹಣ.

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹತ್ತು ತಿಂಗಳ 'ಅಡ್ವಾನ್ಸ್' ಕೊಡ್ತೀವಲ್ಲ, ಅದು ನಿಜದಲ್ಲಿ ಠೇವಣಿ. ಅದೇ ಊರಲ್ಲಿ ಕಲ್ಯಾಣ ಮಂಟಪಕ್ಕೆ ಕೊಡೋ 'ಅಡ್ವಾನ್ಸ್' ಹೆಚ್ಚು ಕಡಿಮೆ ಸಂಚಕಾರ. ಮದುವೆ ಮುಂದೆ ಹೋದ್ರೆ ಮ್ಯಾನೇಜರ್ ಮುಖ ಆ ಕಡೆ ತಿರುಗಿಸ್ತಾನೆ. ಶಬ್ದ ಒಂದೇ, ಹಣದ ಜಾತಿ ಬೇರೆ. ನಾನು ಫ್ಲಾರೆನ್ಸಿಗೆ ಸಂಚಕಾರ ಕಳಿಸಿ, ತಲೆಯಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಲೆಕ್ಕ ಇಟ್ಕೊಂಡಿದ್ದೆ.

ಈಗ ಇಟಲಿಯ ಕಾನೂನು ನೋಡೋಣ. ಅವರ ಸಿವಿಲ್ ಕೋಡ್‌ನ 1385ನೇ ವಿಧಿ ಕಪಾರ್ರಾ ಕನ್ಫರ್ಮಾತೋರಿಯಾ ಬಗ್ಗೆ. ಕೊಟ್ಟವನು ಮಾತು ತಪ್ಪಿದ್ರೆ, ತಗೊಂಡವನು ಒಪ್ಪಂದದಿಂದ ಹೊರಗೆ ಬಂದು ಆ ಹಣ ಇಟ್ಕೋಬಹುದು. ಇದಿಷ್ಟು ನನಗೆ ತಟ್ಟಿದ ಭಾಗ. ಆದರೆ ಅದೇ ವಿಧಿಯ ಇನ್ನೊಂದು ಭಾಗವನ್ನ ತುಂಬಾ ಜನ ಓದಿರೋದಿಲ್ಲ: ತಗೊಂಡವನು ಮಾತು ತಪ್ಪಿದ್ರೆ, ಕೊಟ್ಟವನು ಎರಡರಷ್ಟು ವಾಪಸ್ ಕೇಳಬಹುದು. ಮುಂದಿನ ವಿಧಿ 1386ರಲ್ಲಿ ಇನ್ನೊಂದು ಬಗೆ ಇದೆ, ಕಪಾರ್ರಾ ಪೆನಿತೆನ್‌ತ್ಸಿಯಾಲೆ. ಅದರಲ್ಲಿ ಹಿಂದೆ ಸರಿಯೋ ಹಕ್ಕನ್ನ ಮೊದಲೇ ಬೆಲೆ ಕಟ್ಟಿ ಕೊಂಡಂತೆ. ಕೊಟ್ಟವನು ಸರಿದ್ರೆ ಹಣ ಬಿಟ್ಟು ನಡೀಬಹುದು, ತಗೊಂಡವನು ಸರಿದ್ರೆ ದುಪ್ಪಟ್ಟು ಕೊಟ್ಟು ನಡೀಬೇಕು, ಅದರ ಮೇಲೆ ಯಾರೂ ಯಾರಿಗೂ ನಷ್ಟ ಪರಿಹಾರ ಕೇಳೋ ಹಾಗಿಲ್ಲ. ಮೂರನೆಯದು 'ಅಕ್ಕೋಂತೋ'. ಇದು ನಮ್ಮ ಮುಂಗಡ. ವ್ಯವಹಾರ ಮುರಿದ್ರೆ ಇದನ್ನ ತಾನೇ ತಾನಾಗಿ ನುಂಗೋಕೆ ಬರೋದಿಲ್ಲ. ಮಾಲೀಕನಿಗೆ ನಿಜವಾಗಿ ನಷ್ಟ ಆಗಿದ್ರೆ ಅದನ್ನ ಬೇರೆಯಾಗಿ ಕೇಳಬೇಕು, ತೋರಿಸಬೇಕು.

ಫ್ರಾನ್ಸಿನಲ್ಲೂ ಇದೇ ಜೋಡಿ ಇದೆ: 'ಆರ್' ಅಂದ್ರೆ ಸಂಚಕಾರ, 'ಅಕೋಂತ್' ಅಂದ್ರೆ ಮುಂಗಡ. ಆದರೆ ಅಲ್ಲಿ ಅಕೋಂತ್ ನಮ್ಮ ಮುಂಗಡದಷ್ಟು ಸಾಧು ಅಲ್ಲ. ಅಕೋಂತ್ ಅಂತ ಬರೆದಿದ್ರೆ ಇಬ್ಬರೂ ಪೂರ್ತಿ ಕಟ್ಟುಬಿದ್ದ ಹಾಗೆ, ನೀವು ಬರದೇ ಹೋದ್ರೆ ಉಳಿದ ಬಾಡಿಗೆಗೂ ಅವರು ಕೈ ಚಾಚಬಹುದು. ಆರ್ ಆದ್ರೆ ಕೊಟ್ಟಷ್ಟು ಹಣ ಬಿಟ್ಟು ಎದ್ದು ಬರಬಹುದು. ಇನ್ನೂ ಒಂದು ವಿಶೇಷ, ಗ್ರಾಹಕ ಮತ್ತು ವ್ಯಾಪಾರಿಯ ನಡುವಿನ ಒಪ್ಪಂದದಲ್ಲಿ ಏನೂ ಬರೆಯದಿದ್ರೆ ಮುಂಚೆ ಕೊಟ್ಟ ಹಣವನ್ನ ಆರ್ ಅಂತಲೇ ಅವರ ಗ್ರಾಹಕ ಕಾನೂನು ಎಣಿಸತ್ತೆ. ಅಲ್ಲೂ ವ್ಯಾಪಾರಿ ಹಿಂದೆ ಸರಿದ್ರೆ ಎರಡರಷ್ಟು ಕೊಡಬೇಕು.

ಈ ದುಪ್ಪಟ್ಟಿನ ನಿಯಮ ಗೊತ್ತಿಲ್ಲದೆ ನನ್ನ ಚೆನ್ನೈ ಗೆಳೆಯನೊಬ್ಬ ಮೋಸ ಹೋದ. ಮೋಸ ಅನ್ನೋದೂ ತಪ್ಪು, ಅವನು ಕೇಳಲೇ ಇಲ್ಲ. ಕೋಮೋ ಸರೋವರದ ಹತ್ತಿರದ ಮನೆಗೆ 200 ಯೂರೋ ಕಪಾರ್ರಾ ಕೊಟ್ಟಿದ್ದ. ಹದಿನೈದು ದಿನ ಇರುವಾಗ ಮಾಲೀಕರು 'ಕ್ಷಮಿಸಿ, ಮನೆ ಖಾಲಿ ಇಲ್ಲ' ಅಂತ 200 ಯೂರೋ ವಾಪಸ್ ಕಳಿಸಿದ್ರು. ಇವನು ಥ್ಯಾಂಕ್ಸ್ ಹೇಳಿ ಸುಮ್ಮನಾದ. ಕೊನೆ ಗಳಿಗೆಯಲ್ಲಿ ಬೇರೆ ಮನೆಗೆ ಹೆಚ್ಚು ದುಡ್ಡು ಸುರಿದದ್ದು ಅವನೇ. ಒಪ್ಪಂದದಲ್ಲಿ ಕಪಾರ್ರಾ ಅಂತ ಸ್ಪಷ್ಟವಾಗಿ ಇತ್ತು, 400 ಕೇಳೋ ಹಕ್ಕು ಅವನಿಗಿತ್ತು. ಇಷ್ಟಕ್ಕೆ ಇಟಲಿಯ ಕೋರ್ಟ್ ಹತ್ತೋಕೆ ಆಗೋದಿಲ್ಲ, ಒಪ್ಪಿದೆ. ಆದರೆ 1385ನೇ ವಿಧಿ ಅಂತ ಒಂದು ಸಾಲು ಮೇಲ್‌ನಲ್ಲಿ ಬರೆಯೋಕೆ ಖರ್ಚೇನಿಲ್ಲವಲ್ಲ.

ಇಲ್ಲೇ ಇನ್ನೊಂದು ತಪ್ಪು ತಿಳುವಳಿಕೆ ಬಿಡಿಸಿಬಿಡ್ತೀನಿ. 'ಯೂರೋಪಿನಲ್ಲಿ ಆನ್‌ಲೈನ್ ತಗೊಂಡದ್ದನ್ನ 14 ದಿನದೊಳಗೆ ಬೇಡ ಅನ್ನಬಹುದು' ಅಂತ ತುಂಬಾ ಜನ ಹೇಳ್ತಾರೆ. ಆ ನಿಯಮ ಇರೋದು ನಿಜ, 2011ರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲಿದೆ. ಆದರೆ ನಿಗದಿತ ದಿನಗಳ ವಸತಿ ಬುಕಿಂಗ್‌ಗೆ ಅದೇ ನಿರ್ದೇಶನದ 16ನೇ ವಿಧಿ ವಿನಾಯಿತಿ ಕೊಟ್ಟಿದೆ. ಅಂದ್ರೆ ಶೂ ವಾಪಸ್ ಕೊಡಬಹುದು, ಮೇ 18ರ ರಾತ್ರಿಯನ್ನ ವಾಪಸ್ ಕೊಡೋಕೆ ಬರೋದಿಲ್ಲ.

ಕ್ಯಾನ್ಸಲ್ ದಿನಾಂಕ ಮತ್ತು ವೀಸಾ ದಿನಾಂಕ

ಸೈಟ್ ಮೂಲಕ ಬುಕ್ ಮಾಡಿದ್ರೆ ಈ ಕಪಾರ್ರಾ, ಆರ್ ಎಲ್ಲ ಹಿಂದೆ ಸರಿದು, ಆ ಪುಟದಲ್ಲಿ ಬರೆದ ಕ್ಯಾನ್ಸಲೇಶನ್ ಷರತ್ತು ಮುಂದೆ ಬರತ್ತೆ. ಉದಾಹರಣೆಗೆ ಏರ್‌ಬಿಎನ್‌ಬಿಯಲ್ಲಿ ಮನೆಯವರು ಒಂದು ಮಟ್ಟ ಆರಿಸಿಕೊಂಡಿರ್ತಾರೆ. ಫ್ಲೆಕ್ಸಿಬಲ್ ಆದ್ರೆ ಹೋಗೋ 24 ಗಂಟೆ ಮುಂಚಿನವರೆಗೆ ಪೂರ್ತಿ ಹಣ ವಾಪಸ್. ಮಾಡರೇಟ್ ಆದ್ರೆ 5 ದಿನ ಮುಂಚಿನವರೆಗೆ. ಫರ್ಮ್ ಆದ್ರೆ 30 ದಿನ ಮುಂಚಿನವರೆಗೆ ಪೂರ್ತಿ, 30ರಿಂದ 7 ದಿನದ ನಡುವೆ ಅರ್ಧ, ಆಮೇಲೆ ಸೊನ್ನೆ. ಈ ನಿಯಮಗಳನ್ನ ಅವರು ಆಗಾಗ ಬದಲಾಯಿಸ್ತಾರೆ, ಆದ್ದರಿಂದ ಹೆಸರು ಬಾಯಿಪಾಠ ಮಾಡೋದಕ್ಕಿಂತ ಬುಕ್ ಮಾಡೋ ಪುಟದಲ್ಲಿ ತೋರಿಸೋ ದಿನಾಂಕ, ಗಂಟೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಗಂಟೆ ಅಂದೆ. ಆ ಗಂಟೆ ಮನೆ ಇರೋ ಊರಿನದು, ನಿಮ್ಮದಲ್ಲ. ಟೈಮ್‌ಝೋನ್ ಬಗ್ಗಳಲ್ಲಿ ಅರ್ಧ ಆಯುಷ್ಯ ಕಳೆದ ನನ್ನಂಥವರಿಗೆ ಇದು ಸಹಜ, ಬೇರೆಯವರಿಗೆ ಹೇಳಲೇಬೇಕು. ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ 3 ಅಂದ್ರೆ ಇಲ್ಲಿ ಸಂಜೆ 6:30, ನಮಗೆ ಲಾಭ. ಜಪಾನ್ ಮೂರೂವರೆ ಗಂಟೆ ಮುಂದೆ. ಅಲ್ಲಿಯ ಮಧ್ಯಾಹ್ನ 3 ಇಲ್ಲಿ ಬೆಳಗ್ಗೆ 11:30. ಊಟ ಮಾಡಿ ಕ್ಯಾನ್ಸಲ್ ಮಾಡೋಣ ಅಂತ ಕೂತ್ರೆ ಕಥೆ ಮುಗೀತು.

ಇದೆಲ್ಲದಕ್ಕಿಂತ ದೊಡ್ಡದು ವೀಸಾ. ಷೆಂಗೆನ್ ದೇಶಗಳಿಗೆ ಹೋಗೋ ಜರ್ಮನಿಯವರಿಗೋ ಅಮೆರಿಕದವರಿಗೋ ಬರೆದ ಪ್ರವಾಸ ಸಲಹೆಗಳಲ್ಲಿ ಇದು ಇರೋದೇ ಇಲ್ಲ, ಯಾಕಂದ್ರೆ ಅವರಿಗೆ ಬೇಕಾಗಿಲ್ಲ. ನಮ್ಮ ಪಾಸ್‌ಪೋರ್ಟಿನವರು ಉಳಿಯೋ ಜಾಗ ತೋರಿಸದೆ ಅರ್ಜಿ ಕೊಡೋ ಹಾಗಿಲ್ಲ, ವೀಸಾ ಬರದೆ ಉಳಿಯೋ ಹಾಗಿಲ್ಲ. ಅರ್ಜಿಯನ್ನ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಕೊಡಬಹುದು, ತಡ ಅಂದ್ರೆ 15 ದಿನ ಮುಂಚೆ. ತೀರ್ಮಾನಕ್ಕೆ ನಿಯಮದ ಪ್ರಕಾರ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದ್ರೆ 45 ದಿನದವರೆಗೂ ಎಳೀಬಹುದು.

ಈಗ ನನ್ನ ಮೇ 18ನ್ನೇ ಇಟ್ಕೊಂಡು ಲೆಕ್ಕ ಹಾಕಿ. ಅರ್ಜಿ ಏಪ್ರಿಲ್ 1ಕ್ಕೆ ಕೊಟ್ಟಿದ್ರೆ 15 ದಿನಕ್ಕೆ ಏಪ್ರಿಲ್ 16. ಫರ್ಮ್ ಷರತ್ತಿನ ಮನೆಯ ಕೊನೆಯ ದಿನ ಏಪ್ರಿಲ್ 18. ಎಲ್ಲ ಸರಿಯಾಗಿ ನಡೆದ್ರೆ ಕೈಯಲ್ಲಿ ಉಳಿಯೋದು ಎರಡು ದಿನ. 45 ದಿನ ಹಿಡಿದ್ರೆ ಮೇ 16. ಆಗ ಮೇ 13ಕ್ಕೆ ಮುಗಿಯೋ ಮಾಡರೇಟ್ ಕೂಡ ನಿಮ್ಮನ್ನ ಉಳಿಸೋದಿಲ್ಲ. ನಿಜವಾದ ನನ್ನ ಏಪ್ರಿಲ್ 29ರ ಅಪಾಯಿಂಟ್‌ಮೆಂಟಿಗೆ 15 ದಿನ ಅಂದ್ರೆ ಮೇ 14. ಫ್ಲೆಕ್ಸಿಬಲ್ ಒಂದೇ ದಾರಿ ಆಗಿತ್ತು. ಪ್ರಾಜೆಕ್ಟ್ ಪ್ಲಾನ್‌ನಲ್ಲಿ ಎಲ್ಲಕ್ಕಿಂತ ನಿಧಾನದ ಕೆಲಸವನ್ನ ಮೊದಲು ಗುರುತಿಸಿ ಉಳಿದದ್ದನ್ನ ಅದರ ಹಿಂದೆ ಜೋಡಿಸ್ತೀವಲ್ಲ, ಇಲ್ಲಿ ಆ ನಿಧಾನದ ಕೆಲಸ ವೀಸಾ. ಆದ್ದರಿಂದ ಮೊದಲು ಅಪಾಯಿಂಟ್‌ಮೆಂಟ್ ದಿನ ನೋಡಿ, ಆಮೇಲೆ ಯಾವ ಕ್ಯಾನ್ಸಲ್ ಷರತ್ತಿನ ಮನೆ ಹುಡುಕಬೇಕು ಅಂತ ತೀರ್ಮಾನಿಸಿ. ನಾನು ಮಾಡಿದ್ದು ತಲೆಕೆಳಗು.

ವೀಸಾ ಸಿಗದಿದ್ರೆ ಸೈಟಿನವರು ಕರುಣೆ ತೋರಿಸಲ್ವಾ? ಏರ್‌ಬಿಎನ್‌ಬಿಗೆ ದೊಡ್ಡ ಅವಘಡಗಳಿಗೆ ಅಂತ ಒಂದು ನೀತಿ ಇದೆ. ಸರ್ಕಾರ ಇದ್ದಕ್ಕಿದ್ದಂತೆ ವೀಸಾ ನಿಯಮ ಬದಲಾಯಿಸಿದ್ರೆ ಅದರಲ್ಲಿ ಬರತ್ತೆ. ನಿಮ್ಮೊಬ್ಬರ ಅರ್ಜಿ ತಿರಸ್ಕಾರ ಆದ್ರೆ, ಪಾಸ್‌ಪೋರ್ಟ್ ಕಳೆದ್ರೆ ಬರೋದಿಲ್ಲ, ಅದು ಅತಿಥಿಯ ಸ್ವಂತ ವಿಷಯ. ಇನ್ನು ಇನ್ಶೂರೆನ್ಸ್. ಷೆಂಗೆನ್‌ಗೆ ಕಡ್ಡಾಯವಾದ 30,000 ಯೂರೋ ವಿಮೆ ಆಸ್ಪತ್ರೆ ಖರ್ಚಿಗೆ ಮತ್ತು ತುರ್ತಾಗಿ ವಾಪಸ್ ಕರೆತರೋದಕ್ಕೆ. ಮನೆ ಬಾಡಿಗೆಗೂ ಅದಕ್ಕೂ ಸಂಬಂಧ ಇಲ್ಲ. ಟ್ರಿಪ್ ಕ್ಯಾನ್ಸಲ್ ಆದ್ರೆ ಕೊಡ್ತೀವಿ ಅನ್ನೋ ಪಾಲಿಸಿ ತಗೊಂಡ್ರೂ ಕಾರಣಗಳ ಪಟ್ಟಿ ಓದಿ. ನಾನು ಓದಿದ ಒಂದರಲ್ಲಿ ವೀಸಾ ತಿರಸ್ಕಾರ ಇತ್ತು, ವೀಸಾ ತಡ ಇರಲಿಲ್ಲ. ನನ್ನ ಕಾಯಿಲೆ ತಡದ್ದು.

ಒಂದು ಮಾತು: ಕ್ಯಾನ್ಸಲ್ ಮಾಡಬಹುದಾದ ಬುಕಿಂಗ್ ತೋರಿಸಿ ವೀಸಾ ತಗೊಳ್ಳೋದು ತಪ್ಪಲ್ಲ. ಆದರೆ ಇಲ್ಲದ ಬುಕಿಂಗ್‌ನ ಪಿಡಿಎಫ್ ಮಾಡಿಕೊಡೋ ಏಜೆಂಟರ ಸಹವಾಸ ಬೇಡ. ವೀಸಾ ಬಂದ ಮೇಲೆ ಮನೆ ಬದಲಾಯಿಸಿದ್ರೆ ಹೊಸ ಬುಕಿಂಗ್ ಕಾಗದ ಕೈಯಲ್ಲಿರಲಿ, ಇಮಿಗ್ರೇಶನ್‌ನಲ್ಲಿ ಎಲ್ಲಿ ಉಳೀತೀರಿ ಅಂತ ಕೇಳಬಹುದು.

ಪೂರ್ತಿ ವಾಪಸ್ ಬಂದ ಹಣವೂ ಪೂರ್ತಿ ಅಲ್ಲ

ಕಾರ್ಡಿನಲ್ಲಿ 1,000 ಯೂರೋ ಕಟ್ಟಿದಿರಿ ಅನ್ಕೊಳ್ಳಿ. ಲೆಕ್ಕ ಸುಲಭ ಆಗಲಿ ಅಂತ ಯೂರೋಗೆ 100 ರೂಪಾಯಿ ಹಿಡಿಯೋಣ: ಒಂದು ಲಕ್ಷ. ನಮ್ಮಲ್ಲಿ ಹಲವು ಕಾರ್ಡ್‌ಗಳ ವಿದೇಶಿ ವಿನಿಮಯ ಮಾರ್ಕಪ್ ಶೇಕಡಾ 3.5, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಅಂದ್ರೆ 4,130 ರೂಪಾಯಿ. ಒಂದು ತಿಂಗಳ ನಂತರ ಕ್ಯಾನ್ಸಲ್ ಮಾಡಿದಿರಿ, ಮನೆಯವರು ಅಷ್ಟೂ 1,000 ಯೂರೋ ವಾಪಸ್ ಕಳಿಸಿದ್ರು. ಅವತ್ತು ಯೂರೋ 98 ಆಗಿದ್ರೆ ಬರೋದು 98,000. ಮಾರ್ಕಪ್ ಸಾಮಾನ್ಯವಾಗಿ ಬ್ಯಾಂಕು ವಾಪಸ್ ಕೊಡೋದಿಲ್ಲ. ಒಟ್ಟು 6,130 ರೂಪಾಯಿ ಹೋಯಿತು, ಯಾರೂ ಮೋಸ ಮಾಡಿಲ್ಲ. ಹಾಗಾಗಿ 'ಈಗ ಏನೂ ಕಟ್ಟಬೇಡಿ' ಅನ್ನೋ ಆಯ್ಕೆ ಇದ್ರೆ ಬಾಡಿಗೆ ಸ್ವಲ್ಪ ಹೆಚ್ಚಿದ್ರೂ ನಾನು ಅದನ್ನೇ ಆರಿಸ್ತೀನಿ. ಮಾರ್ಕಪ್ ಇಲ್ಲದ ಕಾರ್ಡ್ ಇದ್ದವರಿಗೆ ಈ ಚಿಂತೆ ಅರ್ಧ ಕಡಿಮೆ.

ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದವರಿಗೆ ಇನ್ನೊಂದು ತೊಂದರೆ. ಮನೆಯೇ ಇಲ್ಲ, ಫೋಟೋ ಸುಳ್ಳು ಅಂತಾದ್ರೆ ಕಾರ್ಡಿನಲ್ಲಿ ಕಟ್ಟಿದವರು ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳಬಹುದು. ಟ್ರಾನ್ಸ್‌ಫರ್‌ಗೆ ಆ ದಾರಿ ಇಲ್ಲ. ನೀವೇ ಕ್ಯಾನ್ಸಲ್ ಮಾಡಿ ಷರತ್ತಿನಲ್ಲಿ ಸೋತಿದ್ರೆ ಚಾರ್ಜ್‌ಬ್ಯಾಕೂ ಕೆಲಸಕ್ಕೆ ಬರೋದಿಲ್ಲ. ಇಟಲಿಯಲ್ಲಿ ನೇರವಾಗಿ ಬುಕ್ ಮಾಡೋರಿಗೆ ಒಂದು ಸಹಾಯ ಇದೆ: 2025ರ ಜನವರಿಯಿಂದ ಇಂಥ ಬಾಡಿಗೆ ಮನೆಗಳ ಜಾಹೀರಾತಿನಲ್ಲಿ ಸಿಐಎನ್ ಅನ್ನೋ ರಾಷ್ಟ್ರೀಯ ಗುರುತು ಸಂಖ್ಯೆ ಇರಲೇಬೇಕು. ಅದನ್ನ ಕೇಳಿದ ತಕ್ಷಣ ಎದುರಿನವರು ಮಾತು ಹಾರಿಸಿದ್ರೆ ಅಲ್ಲಿಗೆ ನಿಲ್ಲಿಸಿ. ಹಾಗೆಯೇ ಸೈಟಿನಲ್ಲಿ ಪರಿಚಯ ಮಾಡಿಕೊಂಡು 'ಹಣ ಮಾತ್ರ ಹೊರಗಡೆ ಕಳಿಸಿ' ಅಂದ್ರೂ.

ಠೇವಣಿಯ ವಿಷಯ ಚಿಕ್ಕದು. ಇಟಲಿಯಲ್ಲಿ ಅದಕ್ಕೆ 'ದೆಪೋಸಿತೋ ಕೌತ್ಸಿಯೋನಾಲೆ' ಅಂತಾರೆ. ಕೆಲವರು ನಗದು ಕೇಳ್ತಾರೆ, ಕೆಲವರು ಕಾರ್ಡಿನ ಮೇಲೆ ಹಣ ತಡೆ ಹಿಡೀತಾರೆ. ಕ್ರೆಡಿಟ್ ಕಾರ್ಡಿನಲ್ಲಿ ತಡೆ ಹಿಡಿದ್ರೆ ಲಿಮಿಟ್ ಕಡಿಮೆ ಆಗತ್ತೆ ಅಷ್ಟೇ. ಡೆಬಿಟ್ ಕಾರ್ಡ್ ಕೊಟ್ರೆ ನಿಮ್ಮ ಸ್ವಂತ ಹಣ ಕಟ್ಟುಬೀಳತ್ತೆ, ಬಿಡುಗಡೆಗೆ ದಿನಗಟ್ಟಲೆ ಕಾಯಬೇಕು. ನಗದು ಕೊಟ್ರೆ ಒಂದು ಚೀಟಿ ಬರೆಸಿಕೊಳ್ಳಿ. ಒಳಗೆ ಕಾಲಿಟ್ಟ ತಕ್ಷಣ, ಚೀಲ ಬಿಚ್ಚೋದಕ್ಕೂ ಮುಂಚೆ, ಎಲ್ಲ ಕೋಣೆಯ ವಿಡಿಯೋ ಮಾಡಿ. ನಗರಸಭೆಯ ಪ್ರವಾಸಿ ತೆರಿಗೆ ಇವೆಲ್ಲದರಿಂದ ಬೇರೆ, ಅದು ವಾಪಸ್ ಬರೋ ಹಣ ಅಲ್ಲ.

2025ರ ಅಕ್ಟೋಬರಿಗೆ ಮತ್ತೆ ಪ್ರಯತ್ನ ಮಾಡಿದೆ. ಈ ಸಲ ವೀಸಾ ಅಪಾಯಿಂಟ್‌ಮೆಂಟ್ ಮೊದಲು, ಮನೆ ಆಮೇಲೆ. ಫ್ಲಾರೆನ್ಸಿನ ಮೂರು ಮನೆಯವರಿಗೆ ಒಂದೇ ಮೇಲ್ ಕಳಿಸಿದೆ: "ನಾವು ಭಾರತದವರು, ವೀಸಾ ಬೇಕು. ಈಗ ಕೊಡೋ ಹಣ ಕಪಾರ್ರಾನೋ ಅಕ್ಕೋಂತೋನೋ? ಯಾವ ದಿನ, ಎಷ್ಟು ಗಂಟೆಯವರೆಗೆ ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್? ವೀಸಾ ತಡ ಆದ್ರೆ ದಿನಾಂಕ ಮುಂದೆ ಹಾಕಬಹುದಾ? ನಿಮ್ಮ ಸಿಐಎನ್ ಯಾವುದು?" ಒಬ್ಬರು ಉತ್ತರ ಕೊಡಲಿಲ್ಲ. ಒಬ್ಬರು ಕಪಾರ್ರಾ, ವಾಪಸ್ ಇಲ್ಲ ಅಂತ ನೇರವಾಗಿ ಹೇಳಿದ್ರು. ಅವರ ಮೇಲೆ ನನಗೆ ಗೌರವ ಬಂತು, ಮನೆ ಬೇಡ ಅಂದೆ. ಮೂರನೆಯವರು ಅಕ್ಕೋಂತೋ, 14 ದಿನ ಮುಂಚಿನವರೆಗೆ ಪೂರ್ತಿ ವಾಪಸ್, ಆಮೇಲೆ ದಿನಾಂಕ ಬದಲಾವಣೆ ಒಂದು ಸಲ ಅಂತ ಬರೆದು, ಅದನ್ನೇ ಒಪ್ಪಂದದಲ್ಲೂ ಸೇರಿಸಿದ್ರು. ಬಾಡಿಗೆ ಹಿಂದಿನ ಮನೆಗಿಂತ 110 ಯೂರೋ ಹೆಚ್ಚು. ಕೊಟ್ಟೆ.

ವೀಸಾ ಹನ್ನೆರಡನೇ ದಿನ ಬಂತು. ಅಲ್ಲಿ ಹೋಗಿ 150 ಯೂರೋ ಠೇವಣಿಯನ್ನ ನಗದಾಗಿ ಕೊಟ್ಟು ಚೀಟಿ ಬರೆಸಿಕೊಂಡೆ. ಐದನೇ ದಿನ ಅಮ್ಮನ ಕುಕ್ಕರಿನಿಂದ ಬೇಳೆ ಉಕ್ಕಿ, ಬಿಳಿ ಗೋಡೆಯ ಮೇಲೆ ಹಳದಿ ಕಲೆ ಬಿತ್ತು. ಅಪ್ಪ ಅದನ್ನ ನೋಡಿ "ಈಗ ಠೇವಣಿನೂ ಹೋತು" ಅಂತ ನಕ್ಕರು. ಹೊರಡೋ ದಿನ ಮಾಲೀಕರು ಬಂದಾಗ ಕಲೆಯನ್ನ ನಾನೇ ತೋರಿಸಿದೆ. ಅವರು ಬೆರಳಿನಿಂದ ಮುಟ್ಟಿ ನೋಡಿ, 20 ಯೂರೋ ಹಿಡ್ಕೊಂಡು 130 ಎಣಿಸಿ ಮೇಜಿನ ಮೇಲಿಟ್ಟು, ಅದಕ್ಕೂ ಒಂದು ಚೀಟಿ ಬರೆದುಕೊಟ್ಟರು.